ಕಣ್ಣಿನ ಸಾಕ್ಷಿ, ಗಾಯದ ಸಾಕ್ಷಿ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯು ಕನ್ನಡಿಗರಿಗೆಲ್ಲ ಪರಿಚಿತವಾದುದು. ಕಣ್ಣಿಗೆ ಕಂಡ ಮೇಲೆ ಮತ್ತೆ ಪ್ರಮಾಣಿಸುವುದೇನು ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ ವಿದ್ಯಾರ್ಥಿಗೆ ಈ ಮಾತು ಹೊಸದಲ್ಲ. ಅಳತೆಪಟ್ಟಿಯನ್ನು ಓರೆಯಾಗಿ ನೋಡಿದರೆ ಅಂಕ ತಪ್ಪುತ್ತದೆ. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿ ನಿಲ್ಲದಿದ್ದರೆ ಎಷ್ಟು ಎಚ್ಚರಿಕೆಯಿಂದ ತೂಗಿದರೂ ತೂಕ ತಪ್ಪುತ್ತದೆ. ಪ್ರಯೋಗಶಾಲೆಯಲ್ಲಿ ಇಂಥ ತಪ್ಪಿಗೆ ಒಂದೆರಡು ಅಂಕಗಳು ಹೋಗಬಹುದು. ನ್ಯಾಯಾಲಯದಲ್ಲಿ ಇದೇ ತಪ್ಪಿಗೆ ಒಬ್ಬ ಮನುಷ್ಯನ ಆಯುಷ್ಯವೇ ಹೋಗಬಹುದು.

ಕೊಲೆಯ ಮೊಕದ್ದಮೆಗಳಲ್ಲಿ ಅನೇಕ ವೇಳೆ ಎರಡು ಬಗೆಯ ಸಾಕ್ಷ್ಯಗಳು ಎದುರುಬದುರಾಗಿ ನಿಲ್ಲುತ್ತವೆ. ಮೊದಲನೆಯದು, ಘಟನೆಯನ್ನು ಕಂಡವನು ಹೇಳುವ ಪ್ರತ್ಯಕ್ಷ ಸಾಕ್ಷ್ಯ. ಎರಡನೆಯದು, ಗಾಯಗಳನ್ನೂ ಮೃತದೇಹವನ್ನೂ ಪರೀಕ್ಷಿಸಿದ ವೈದ್ಯನು ಕೊಡುವ ವೈದ್ಯಕೀಯ ಸಾಕ್ಷ್ಯ. ಇವೆರಡೂ ಒಂದಕ್ಕೊಂದು ಹೊಂದದಿದ್ದಾಗ ಯಾವುದನ್ನು ನಂಬಬೇಕು? ಕೆಲವರು, ಕಂಡವನ ಮಾತೇ ಮಾತು, ವೈದ್ಯನೇನು ಸ್ಥಳದಲ್ಲಿದ್ದನೆ, ಎನ್ನುತ್ತಾರೆ. ಇನ್ನು ಕೆಲವರು, ಮನುಷ್ಯನು ಸುಳ್ಳಾಡಬಹುದು, ಗಾಯವು ಸುಳ್ಳಾಡದು, ಎನ್ನುತ್ತಾರೆ. ಈ ಎರಡು ಉತ್ತರಗಳೂ ಅಪೂರ್ಣವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಕಣ್ಣೂ ಒಂದು ಉಪಕರಣ, ವೈದ್ಯನ ಪರೀಕ್ಷೆಯೂ ಒಂದು ಉಪಕರಣ. ಪ್ರತಿಯೊಂದು ಉಪಕರಣಕ್ಕೂ ಅದು ಅಳೆಯಬಲ್ಲ ವಿಷಯವೊಂದುಂಟು. ಅದರ ದೋಷಕ್ಕೆ ಒಂದು ಮಿತಿಯೂ ಉಂಟು. ಇವೆರಡನ್ನು ತಿಳಿಯದೆ ಸಾಕ್ಷ್ಯವನ್ನು ತೂಗುವುದು ಸಾಧ್ಯವಿಲ್ಲ.

ಹಿಂದಿನ ಪ್ರಮಾಣಗಳು

ಪ್ರಮಾಣಗಳ ವಿಚಾರವು ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಮಾನುಷ ಪ್ರಮಾಣಗಳನ್ನು ಹೇಳಿ, ಇವು ಯಾವುವೂ ಇಲ್ಲದಾಗ ದಿವ್ಯಕ್ಕೆ ಮೊರೆಹೋಗಬೇಕೆಂದು ವಿಧಿಸುತ್ತದೆ. ದಿವ್ಯವೆಂದರೆ ಬೆಂಕಿ, ನೀರು, ವಿಷ, ತಕ್ಕಡಿ ಮುಂತಾದುವುಗಳಿಂದ ಆರೋಪಿಯನ್ನು ಪರೀಕ್ಷಿಸುವುದು. ಮನುಷ್ಯರು ಮೌನವಾಗಿರುವಲ್ಲಿ ವಸ್ತುವೇ ಸತ್ಯವನ್ನು ನುಡಿಯಲಿ ಎಂಬುದು ಅದರ ಹಿಂದಿದ್ದ ನಂಬಿಕೆ.

ಇಂದು ದಿವ್ಯಗಳಿಲ್ಲ. ವಸ್ತುವಿನಿಂದ ಸತ್ಯವನ್ನು ಹೊರಡಿಸುವ ಕೆಲಸವನ್ನು ವೈದ್ಯನೂ ಪ್ರಯೋಗಶಾಲೆಯೂ ವಹಿಸಿಕೊಂಡಿವೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 45ನೆಯ ಪ್ರಕರಣವು ಪರಿಣತರ ಅಭಿಪ್ರಾಯಕ್ಕೆ ಸ್ಥಾನ ಕೊಟ್ಟಿತ್ತು. 2024ರ ಜುಲೈ 1ರಿಂದ ಅದರ ಸ್ಥಳದಲ್ಲಿ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದೇ ವಿಷಯವು 39ನೆಯ ಪ್ರಕರಣದಲ್ಲಿದೆ. ಎರಡು ಕಾನೂನುಗಳೂ ಪರಿಣತನ ಮಾತನ್ನು 'ಅಭಿಪ್ರಾಯ' ಎಂದೇ ಕರೆದಿವೆ ಎಂಬುದನ್ನು ವಾಚಕರು ಗಮನಿಸಬೇಕು. ಗಾಯದ ಉದ್ದ ಇಷ್ಟು ಎಂಬುದು ವೈದ್ಯನು ಅಳೆದ ಸಂಗತಿ. ಇಂಥ ಆಯುಧದಿಂದ ಆದುದು ಎಂಬುದು ಅವನ ಅನುಮಾನ, ಎಂದರೆ ತರ್ಕದಿಂದ ಪಡೆದ ತೀರ್ಮಾನ. ಈ ಭೇದವನ್ನು ಮರೆತು ಪರಿಣತನ ಮಾತನ್ನೆಲ್ಲ ಒಂದೇ ಸಮನೆ ಸ್ವೀಕರಿಸಿದರೆ ನಾವು ಹಳೆಯ ದಿವ್ಯಕ್ಕೇ ಹಿಂದಿರುಗಿದಂತೆ ಆಗುತ್ತದೆ.

ಒಂದು ಕಲ್ಪಿತ ಪ್ರಸಂಗ

ವಿಚಾರವು ಸ್ಪಷ್ಟವಾಗುವಂತೆ ನಾವು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯ ಹೊರವಲಯದಲ್ಲಿ, ಬೇಸಗೆ ಮೊದಲಾಗುವ ದಿನಗಳ ಒಂದು ಹುಣ್ಣಿಮೆಯ ರಾತ್ರಿ, 10 ಗಂಟೆಯ ವೇಳೆಗೆ ಹೊಲದ ಬದುವಿನ ಬಳಿ ಒಬ್ಬನ ಕೊಲೆಯಾಯಿತೆನ್ನೋಣ. ಪಕ್ಕದ ದ್ರಾಕ್ಷಿ ತೋಟದ ಕಾವಲುಗಾರನು 60 ಮೀಟರು ದೂರದಿಂದ ಅದನ್ನು ಕಂಡನು. ಕೊಂದವನು ಇಂಥವನೇ, ಕೊಡಲಿಯಿಂದ ತಲೆಗೆ ಎರಡು ಪೆಟ್ಟು ಹಾಕಿದನು, ತಲೆಗೆ ಕೆಂಪು ರುಮಾಲು ಸುತ್ತಿದ್ದನು ಎಂದು ಅವನು ಹೇಳುತ್ತಾನೆ. ಮರುದಿನ ಬೆಳಗ್ಗೆ 6 ಗಂಟೆಗೆ ದೇಹವನ್ನು ನೋಡಿದ ವೈದ್ಯನು ಅದರ ಒಳ ಉಷ್ಣತೆ 31 ಡಿಗ್ರಿ ಸೆಲ್ಸಿಯಸ್ ಎಂದು ಬರೆದುಕೊಂಡನು. ತಲೆಯ ಮೇಲೆ ಎರಡು ಗಾಯಗಳಿವೆ, ಆದರೆ ಅವು ಕೊಯ್ದ ಗಾಯಗಳಲ್ಲ, ಹರಿದ ಗಾಯಗಳು ಎಂದು ಅವನ ವರದಿ ಹೇಳುತ್ತದೆ.

ಇಂಥ ಮೊಕದ್ದಮೆಯು ಮೊದಲು ವಿಜಯಪುರದ ಸೆಷನ್ಸ್ ನ್ಯಾಯಾಲಯದಲ್ಲಿ ನಡೆದು, ಮೇಲ್ಮನವಿಯಾದರೆ ಕರ್ನಾಟಕ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದ ಮುಂದೆ ಬರುತ್ತದೆ. ಅಲ್ಲಿ ಆರೋಪಿಯ ವಕೀಲರು ಎತ್ತುವ ಮೊದಲ ಪ್ರಶ್ನೆ ಇದು: ಕೊಡಲಿಯಿಂದ ಹೊಡೆದುದು ನಿಜವಾದರೆ ಕೊಯ್ದ ಗಾಯವೆಲ್ಲಿ? ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಎರಡು ಉಪಕರಣಗಳನ್ನೂ ಒಂದೊಂದಾಗಿ ಪರೀಕ್ಷಿಸೋಣ.

ಕಣ್ಣೆಂಬ ಉಪಕರಣ

ಆರೋಗ್ಯವಾದ ಕಣ್ಣು, ಒಳ್ಳೆಯ ಬೆಳಕಿನಲ್ಲಿ, ಒಂದು ಡಿಗ್ರಿಯ 60ನೆಯ ಒಂದು ಪಾಲಿನಷ್ಟು ಕೋನದಲ್ಲಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಕಾಣಬಲ್ಲುದು. 100 ಮೀಟರು ದೂರದಲ್ಲಿ ಈ ಕೋನಕ್ಕೆ ಸರಿಹೊಂದುವ ಅಂತರ ಸುಮಾರು 3 ಸೆಂಟಿಮೀಟರು. ಮನುಷ್ಯನ ಕಣ್ಣಿನ ಅಗಲವೂ ಹೆಚ್ಚುಕಡಮೆ ಇಷ್ಟೇ. ಆದುದರಿಂದ ನಡುಹಗಲಿನಲ್ಲಿಯೂ 100 ಮೀಟರಿನಾಚೆ ನಿಂತವನ ಕಣ್ಣು ನಮಗೆ ಒಂದು ಚುಕ್ಕೆ ಮಾತ್ರ.

ಹುಣ್ಣಿಮೆಯ ಬೆಳಕು ಬಿಸಿಲಿನ ಸುಮಾರು ನಾಲ್ಕು ಲಕ್ಷದಲ್ಲೊಂದು ಪಾಲು. ಇಷ್ಟು ಮಂದವಾದ ಬೆಳಕಿನಲ್ಲಿ, ಅಕ್ಷಿಪಟದ ನಡುವೆ ದಟ್ಟವಾಗಿರುವ ಶಂಕುಕೋಶಗಳು ಬಹುಮಟ್ಟಿಗೆ ಕೆಲಸ ನಿಲ್ಲಿಸುತ್ತವೆ. ಸುತ್ತಲೂ ಹರಡಿರುವ ದಂಡಕೋಶಗಳು ಆ ಕೆಲಸವನ್ನು ವಹಿಸಿಕೊಳ್ಳುತ್ತವೆ. ಇವು ಮಂದ ಬೆಳಕನ್ನು ಗ್ರಹಿಸಬಲ್ಲವು, ಆದರೆ ಸೂಕ್ಷ್ಮವನ್ನು ಬಿಡಿಸಲಾರವು. ದಂಡಕೋಶಗಳ ದೃಷ್ಟಿಯ ಹರಿತವು ಹಗಲಿನ ದೃಷ್ಟಿಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಇದರಂತೆ ಲೆಕ್ಕಹಾಕಿದರೆ 60 ಮೀಟರು ದೂರದಲ್ಲಿ ಕಣ್ಣು ಬಿಡಿಸಬಲ್ಲ ಅಂತರ ಸುಮಾರು 17 ಸೆಂಟಿಮೀಟರು. ಮನುಷ್ಯನ ಮುಖದ ಅಗಲವೇ ಸುಮಾರು 15 ಸೆಂಟಿಮೀಟರು! ಎಂದರೆ ಇಡೀ ಮುಖವು ಒಂದು ಬೆಳ್ಳನೆಯ ಕಲೆಯಂತೆ ಕಾಣಬಹುದೇ ಹೊರತು, ಮೂಗು ಬಾಯಿ ಮೀಸೆಗಳು ಬೇರೆಬೇರೆಯಾಗಿ ಕಾಣಲಾರವು. ಚೆನ್ನಾಗಿ ಬಲ್ಲವನನ್ನಾದರೂ ತಿಳಿಯಾದ ಬೆಳದಿಂಗಳಿನಲ್ಲಿ ಸುಮಾರು 17 ಗಜಕ್ಕಿಂತ ದೂರದಿಂದ ಮುಖನೋಡಿ ಗುರುತಿಸುವುದು ಕಷ್ಟವೆಂದು ವೈದ್ಯಕೀಯ ನ್ಯಾಯಶಾಸ್ತ್ರದ ಹಳೆಯ ಗ್ರಂಥಗಳು ಹೇಳುತ್ತವೆ. ನಮ್ಮ ಲೆಕ್ಕವೂ ಅದೇ ದಾರಿಯಲ್ಲಿದೆ.

ಬಣ್ಣದ ವಿಚಾರವು ಇನ್ನೂ ಸ್ವಾರಸ್ಯವಾದುದು. ದಂಡಕೋಶಗಳಿಗೆ ಬಣ್ಣದ ಭೇದವಿಲ್ಲ. ಕೆಂಪು ಬೆಳಕಿಗಂತೂ ಅವು ಬಹುಮಟ್ಟಿಗೆ ಕುರುಡು. ಬೆಳಕು ಮಂದವಾದಂತೆ ಕೆಂಪು ಬಣ್ಣವು ಕಪ್ಪಾಗುತ್ತದೆಂಬುದನ್ನು ಬೊಹೀಮಿಯದ ಶರೀರವಿಜ್ಞಾನಿ ಪುರ್ಕಿನ್ಯೆ ಸುಮಾರು ಎರಡು ಶತಮಾನಗಳ ಹಿಂದೆಯೇ ಗುರುತಿಸಿದನು. ಹಾಗಾದರೆ ನಮ್ಮ ಕಾವಲುಗಾರನು ಕೆಂಪು ರುಮಾಲನ್ನು ಕಂಡುದು ಹೇಗೆ? ಅವನು ಸುಳ್ಳು ಹೇಳಿದನೆಂದು ಕೂಡಲೆ ತೀರ್ಮಾನಿಸಬೇಕಾಗಿಲ್ಲ. ಆ ಮನುಷ್ಯನು ದಿನವೂ ಕೆಂಪು ರುಮಾಲು ಸುತ್ತುವುದನ್ನು ಅವನು ಹಗಲಿನಲ್ಲಿ ಕಂಡಿದ್ದಿರಬೇಕು. ಹಗಲಿನ ನೆನಪು ರಾತ್ರಿಯ ನೋಟಕ್ಕೆ ಬಣ್ಣ ಹಚ್ಚಿರಬೇಕು. ಆದರೆ ಬಣ್ಣವನ್ನು ಹೀಗೆ ತುಂಬಿಕೊಂಡ ಮನಸ್ಸು, ಮುಖವನ್ನೂ ಹಾಗೆಯೇ ತುಂಬಿಕೊಂಡಿರಲಾರದೆ ಎಂದು ನಾವು ಕೇಳಲೇಬೇಕಾಗುತ್ತದೆ.

ಇನ್ನೊಂದು ಮಾತು. ವಿದ್ಯುದ್ದೀಪದ ಕೆಳಗಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಆದುದರಿಂದ ಕಾವಲುಗಾರನು ಎಷ್ಟು ಹೊತ್ತಿನಿಂದ ಹೊರಗಿದ್ದನು ಎಂಬ ಪ್ರಶ್ನೆಯೂ ಉಚಿತವಾದುದೇ. ಬಾಲ್ಯದಿಂದ ಬಲ್ಲವನನ್ನು ನಡಿಗೆಯಿಂದಲೋ ದನಿಯಿಂದಲೋ ಗುರುತಿಸಬಹುದೆಂಬುದೂ ಸತ್ಯ. ಆದರೆ ಹಾಗೆ ಗುರುತಿಸಿದ್ದರೆ ಸಾಕ್ಷಿಯು ಅದನ್ನೇ ಹೇಳಬೇಕು. ಮುಖವನ್ನು ಕಂಡೆನೆಂದು ಹೇಳಬಾರದು.

ನೆನಪೆಂಬ ದಾಖಲೆ

ಕಣ್ಣು ಕಂಡುದನ್ನು ನ್ಯಾಯಾಲಯಕ್ಕೆ ತಲುಪಿಸುವುದು ನೆನಪು. ಇದು ಭಾವಚಿತ್ರದಂತೆ ಅಚ್ಚೊತ್ತಿ ಉಳಿಯುವ ವಸ್ತುವಲ್ಲ. 1901ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಫಾನ್ ಲಿಸ್ಟ್ ಅವರ ತರಗತಿಯಲ್ಲಿ ಮೊದಲೇ ಏರ್ಪಡಿಸಿದ್ದ ಒಂದು ಜಗಳವು ನಡೆಯಿತು, ಪಿಸ್ತೂಲೂ ಹೊರಬಂದಿತು. ಇದು ನಾಟಕವೆಂದು ತಿಳಿಯದ ವಿದ್ಯಾರ್ಥಿಗಳಿಂದ ಹೇಳಿಕೆಗಳನ್ನು ಬರೆಸಿಕೊಂಡಾಗ, ಅತಿ ಕಡಮೆ ತಪ್ಪು ಮಾಡಿದವನ ಹೇಳಿಕೆಯಲ್ಲಿಯೂ ನೂರಕ್ಕೆ 26 ಪಾಲು ತಪ್ಪುಗಳಿದ್ದುವೆಂದು ಮನೋವಿಜ್ಞಾನಿ ಮ್ಯುನ್‌ಸ್ಟರ್‌ಬರ್ಗ್ 1908ರ ತಮ್ಮ ಗ್ರಂಥದಲ್ಲಿ ತಿಳಿಸಿದ್ದಾರೆ.

1974ರಲ್ಲಿ ಅಮೆರಿಕದ ಲಾಫ್ಟಸ್ ಮತ್ತು ಪಾಮರ್ ಎಂಬ ಸಂಶೋಧಕರು ಮೋಟಾರುಗಳ ಅಪಘಾತದ ಚಲನಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಆಗ ಅವುಗಳ ವೇಗವೆಷ್ಟಿತ್ತೆಂದು ಕೇಳಿದರು. ಮೋಟಾರುಗಳು 'ಅಪ್ಪಳಿಸಿದಾಗ' ಎಂದು ಕೇಳಿದ ಗುಂಪು ಸರಾಸರಿ ಗಂಟೆಗೆ 40.8 ಮೈಲಿ ಎಂದಿತು. 'ತಾಕಿದಾಗ' ಎಂದು ಕೇಳಿದ ಗುಂಪು 31.8 ಮೈಲಿ ಎಂದಿತು. ಇಂಥದೇ ಇನ್ನೊಂದು ಪ್ರಯೋಗದಲ್ಲಿ, ಒಂದು ವಾರದ ಮೇಲೆ, ಒಡೆದ ಗಾಜನ್ನು ಕಂಡಿರಾ ಎಂದು ಕೇಳಲಾಯಿತು. 'ಅಪ್ಪಳಿಸಿದಾಗ' ಎಂಬ ಪದವನ್ನು ಕೇಳಿದ್ದ 50 ಮಂದಿಯಲ್ಲಿ 16 ಮಂದಿ ಕಂಡೆವೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ! ಪ್ರಶ್ನೆಯಲ್ಲಿದ್ದ ಒಂದು ಪದವು ಕಂಡವರ ನೆನಪನ್ನೇ ತಿದ್ದಿಬಿಟ್ಟಿತು. ಇವರಲ್ಲಿ ಯಾರೂ ಸುಳ್ಳುಗಾರರಲ್ಲ.

ಇಂಥ ಪ್ರಾಮಾಣಿಕ ತಪ್ಪಿನ ಬೆಲೆ ಎಷ್ಟು? ಅಮೆರಿಕದಲ್ಲಿ ಶಿಕ್ಷೆಯಾದ ಮೇಲೆ ಡಿ.ಎನ್.ಎ. ಪರೀಕ್ಷೆಯಿಂದ ನಿರಪರಾಧಿಗಳೆಂದು ಸಿದ್ಧರಾದ ಮೊದಲ 250 ಮಂದಿಯ ಮೊಕದ್ದಮೆಗಳನ್ನು ನ್ಯಾಯಶಾಸ್ತ್ರಜ್ಞ ಬ್ರ್ಯಾಂಡನ್ ಗ್ಯಾರೆಟ್ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 190 ಮೊಕದ್ದಮೆಗಳಲ್ಲಿ ಕಣ್ಣಾರೆ ಕಂಡವರು ತಪ್ಪಾಗಿ ಗುರುತು ಹಿಡಿದಿದ್ದರು.

ತಣ್ಣಗಾಗುವ ದೇಹ

ಇನ್ನು ವೈದ್ಯನ ಕಡೆಗೆ ತಿರುಗೋಣ. ಬಿಸಿಯಾದ ವಸ್ತುವು ತಣ್ಣಗಾಗುವ ವೇಗವು, ಅದಕ್ಕೂ ಸುತ್ತಣ ಗಾಳಿಗೂ ಇರುವ ಉಷ್ಣತೆಯ ವ್ಯತ್ಯಾಸಕ್ಕೆ ಅನುಗುಣವಾಗಿರುತ್ತದೆ ಎಂಬ ನ್ಯೂಟನ್ನನ ನಿಯಮವನ್ನು ವಿದ್ಯಾರ್ಥಿಗಳು ಓದಿದ್ದಾರಷ್ಟೆ. ನಮ್ಮ ಪ್ರಸಂಗದಲ್ಲಿ ಜೀವವಿದ್ದಾಗ ದೇಹದ ಉಷ್ಣತೆ 37 ಡಿಗ್ರಿ. ರಾತ್ರಿಯ ಗಾಳಿಯ ಉಷ್ಣತೆ 25 ಡಿಗ್ರಿ ಎಂದಿಟ್ಟುಕೊಳ್ಳೋಣ. ಮೊದಲು ವ್ಯತ್ಯಾಸ 12 ಡಿಗ್ರಿ. ಬೆಳಗ್ಗೆ ದೇಹದ ಉಷ್ಣತೆ 31 ಆದುದರಿಂದ ವ್ಯತ್ಯಾಸ 6 ಡಿಗ್ರಿ. ಎಂದರೆ ಸರಿಯಾಗಿ ಅರ್ಧವಾಗಿದೆ.

ಈ ವ್ಯತ್ಯಾಸವು ಅರ್ಧಕ್ಕಿಳಿಯಲು ಎಷ್ಟು ಗಂಟೆ ಬೇಕು? ಅದು ದೇಹದ ಗಾತ್ರ, ಬಟ್ಟೆ, ಗಾಳಿಯ ಬೀಸು, ನೆಲದ ತೇವ ಇವುಗಳನ್ನು ಅವಲಂಬಿಸಿದೆ. ತಣ್ಣಗಾಗುವ ಗುಣಾಂಕವು ಗಂಟೆಗೆ 0.10 ಆದರೆ ಉತ್ತರ ಸುಮಾರು 7 ಗಂಟೆ, 0.07 ಆದರೆ ಸುಮಾರು 10 ಗಂಟೆ. ಆದುದರಿಂದ ಪ್ರಾಮಾಣಿಕನಾದ ವೈದ್ಯನು, ಸಾವು ಸಂಭವಿಸಿ 7ರಿಂದ 10 ಗಂಟೆಗಳಾಗಿರಬಹುದು, ಎಂದಷ್ಟೇ ಹೇಳಬಲ್ಲನು. ನಿಜವಾದ ದೇಹವು ನ್ಯೂಟನ್ನನ ನಿಯಮವನ್ನು ಪೂರ್ಣವಾಗಿ ಪಾಲಿಸುವುದೂ ಇಲ್ಲ. ಮೊದಲ ಕೆಲವು ಹೊತ್ತು ಅದರ ಒಳ ಉಷ್ಣತೆ ಹೆಚ್ಚು ಇಳಿಯುವುದೇ ಇಲ್ಲ. ಜರ್ಮನಿಯ ಹೆನ್ಸ್‌ಗೆ ಎಂಬ ವಿಜ್ಞಾನಿಯು ಈ ಅಂಶಗಳನ್ನೆಲ್ಲ ಸೇರಿಸಿ ರಚಿಸಿದ ಪ್ರಸಿದ್ಧ ಪದ್ಧತಿಯಲ್ಲಿಯೂ, ಅತ್ಯಂತ ಅನುಕೂಲವಾದ ಸಂದರ್ಭದಲ್ಲಿ, ಸುಮಾರು 2.8 ಗಂಟೆ ಹಿಂದುಮುಂದಾಗುವ ಅವಕಾಶವನ್ನು ಬಿಡಬೇಕಾಗುತ್ತದೆ.

ಇದೇ ಘಟನೆಯು ಮೇ ತಿಂಗಳ ಹಗಲಿನಲ್ಲಿ ನಡೆದಿದ್ದರೆ? ಆಗ ವಿಜಯಪುರದ ಸೀಮೆಯಲ್ಲಿ ಗಾಳಿಯ ಉಷ್ಣತೆಯು 40 ಡಿಗ್ರಿಯನ್ನು ಮುಟ್ಟುವುದುಂಟು. ಗಾಳಿಯೇ ದೇಹಕ್ಕಿಂತ ಬಿಸಿಯಾಗಿರುವಾಗ ದೇಹವು ತಣ್ಣಗಾಗುವುದೆಲ್ಲಿಂದ ಬಂತು? ಆಗ ಉಷ್ಣತಾಮಾಪಕವು ಗಡಿಯಾರದ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ತಣ್ಣನೆಯ ನಾಡಿನ ಪುಸ್ತಕದಲ್ಲಿರುವ ಸೂತ್ರವನ್ನು ನಮ್ಮ ಬೇಸಗೆಗೆ ಹಾಗೆಯೇ ಅನ್ವಯಿಸಿದ ವೈದ್ಯಕೀಯ ಸಾಕ್ಷ್ಯವು, ಎಷ್ಟೇ ಶಾಸ್ತ್ರೀಯವಾಗಿ ತೋರಿದರೂ, ತಪ್ಪು ದಾರಿಗೆಳೆಯುತ್ತದೆ.

ಕೊಡಲಿಯ ಪೆಟ್ಟು

ಈಗ ವಕೀಲರ ಪ್ರಶ್ನೆಗೆ ಬರೋಣ. ಒತ್ತಡವೆಂದರೆ ಬಲವನ್ನು ಅದು ಬೀಳುವ ಕ್ಷೇತ್ರಫಲದಿಂದ ಭಾಗಿಸಿದುದು. ಕೊಡಲಿಯ ಬಾಯಿ 10 ಸೆಂಟಿಮೀಟರು ಉದ್ದ, ಅದರ ಅಂಚು ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪ ಎಂದಿಟ್ಟುಕೊಂಡರೆ, ಬಲವು ಬೀಳುವ ಕ್ಷೇತ್ರ 0.1 ಚದರ ಸೆಂಟಿಮೀಟರು. ಅದೇ ಕೊಡಲಿಯ ಹಿಂಭಾಗವು 4 ಸೆಂಟಿಮೀಟರು ಉದ್ದ, 2.5 ಸೆಂಟಿಮೀಟರು ಅಗಲವಿದ್ದರೆ ಕ್ಷೇತ್ರ 10 ಚದರ ಸೆಂಟಿಮೀಟರು. ಒಂದೇ ಬಲದ ಪೆಟ್ಟಿಗೆ ಬಾಯಿಯ ಕಡೆಯ ಒತ್ತಡವು ಹಿಂಭಾಗದ ಒತ್ತಡದ ನೂರರಷ್ಟು. ಆದುದರಿಂದ ಬಾಯಿಯು ಚರ್ಮವನ್ನು ಕೊಯ್ಯುತ್ತದೆ. ಹಿಂಭಾಗವು ಜಜ್ಜಿ ಹರಿಯುತ್ತದೆ.

ತಲೆಯ ಚರ್ಮದ ಕೆಳಗೆ ಒಡನೆಯೇ ಎಲುಬಿರುವುದರಿಂದ, ಮೊಂಡಾದ ಆಯುಧದ ಪೆಟ್ಟಿನಿಂದಲೂ ಚರ್ಮವು ನೇರವಾಗಿ ಸೀಳಿಕೊಂಡು, ಬರಿಗಣ್ಣಿಗೆ ಕೊಯ್ದ ಗಾಯದಂತೆಯೇ ಕಾಣುವುದುಂಟು. ಭೂತಗನ್ನಡಿಯಿಂದ ನೋಡಿದರೆ ಅಂಚುಗಳು ಜಜ್ಜಿರುವುದೂ, ಕೂದಲ ಬೇರುಗಳು ಅರೆದಿರುವುದೂ, ಗಾಯದ ಎರಡು ದಡಗಳ ನಡುವೆ ಅಂಗಾಂಶದ ಎಳೆಗಳು ಉಳಿದಿರುವುದೂ ಕಾಣುತ್ತವೆ. ನಮ್ಮ ವೈದ್ಯನು ಇವನ್ನು ಕಂಡೇ ಹರಿದ ಗಾಯಗಳೆಂದು ಬರೆದನೆನ್ನೋಣ. ಹಾಗಾದರೆ ಕೊಡಲಿಯ ಹಿಂಭಾಗದಿಂದ ಹೊಡೆದಿರಬಹುದಲ್ಲವೆ? ಇರಬಹುದು. ಬಡಿಗೆಯಿಂದ ಹೊಡೆದಿರಲೂಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 1974ರಲ್ಲಿ ಮಧ್ಯಪ್ರದೇಶದಿಂದ ಬಂದ ಒಂದು ಕೊಲೆಯ ಮೊಕದ್ದಮೆಯಲ್ಲಿ ಇಂಥದೇ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದಿತ್ತು. ಕೊಡಲಿ ಭರ್ಜಿಗಳನ್ನು ಬಳಸಿದರೆಂದು ಸಾಕ್ಷಿಗಳು ಹೇಳಿದ್ದರು. ದೇಹದ ಮೇಲೆ ಕೊಯ್ದ ಗಾಯವಾಗಲಿ ಚುಚ್ಚಿದ ಗಾಯವಾಗಲಿ ಇರಲಿಲ್ಲ. ಸಾಕ್ಷಿಯು ಕೊಡಲಿ ಎಂದಾಗ ಅದರ ಮೊಂಡು ಭಾಗವೆಂದು ನಾವಾಗಿಯೇ ಊಹಿಸಿಕೊಳ್ಳಲು ಆಧಾರವಿಲ್ಲ, ಅದೇ ಅವನ ಅಭಿಪ್ರಾಯವಾಗಿದ್ದರೆ ಅವನಿಂದಲೇ ಸ್ಪಷ್ಟಪಡಿಸಿಕೊಳ್ಳುವುದು ಆರೋಪ ಹೊರಿಸಿದವರ ಕರ್ತವ್ಯ ಎಂಬುದು ನ್ಯಾಯಾಲಯದ ನಿಲುವು. ವಿಜ್ಞಾನದ ವಿದ್ಯಾರ್ಥಿಯು ಇದನ್ನು ಒಪ್ಪದಿರಲಾರನು. ಎರಡು ಅಳತೆಗಳು ಹೊಂದದಿದ್ದಾಗ, ಒಂದನ್ನು ನಮ್ಮ ಕೈಯಾರೆ ತಿದ್ದಿ ಹೊಂದಿಸುವುದು ಪ್ರಯೋಗವಲ್ಲ.

ಕಷ್ಟಸಾಧ್ಯವೂ ಅಸಾಧ್ಯವೂ

ಹಾಗಾದರೆ ಎರಡು ಸಾಕ್ಷ್ಯಗಳು ಹೊಂದದಿದ್ದಾಗ ಪಾಲಿಸಬೇಕಾದ ನಿಯಮವೇನು? 1983ರಲ್ಲಿ ಗುಜರಾತಿನ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತು. 2010ರಲ್ಲಿ ಮಧ್ಯಪ್ರದೇಶದ ಇನ್ನೊಂದು ಮೊಕದ್ದಮೆಯಲ್ಲಿ ಹಿಂದಿನ ತೀರ್ಪುಗಳನ್ನೆಲ್ಲ ಕ್ರೋಡೀಕರಿಸಿ ಮತ್ತೆ ಹೇಳಿತು. ಅದರ ಸಾರಾಂಶ ಇಷ್ಟು: ನಂಬಲರ್ಹವಾದ ಪ್ರತ್ಯಕ್ಷ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಹೆಚ್ಚಿನ ಬೆಲೆಯುಂಟು, ವೈದ್ಯಕೀಯ ಸಾಕ್ಷ್ಯವು ಅದನ್ನು ಅಸಂಭಾವ್ಯವಾಗಿ ಮಾಡಿದರೆ ಆ ಅಂಶವನ್ನು ಗಣನೆಗೆ ತೆಗೆದುಕೊಳ್ಳಬೇಕು, ಸಾಕ್ಷಿಯು ಹೇಳಿದಂತೆ ನಡೆದಿರುವ ಎಲ್ಲ ಸಾಧ್ಯತೆಗಳನ್ನೂ ವೈದ್ಯಕೀಯ ಸಾಕ್ಷ್ಯವು ಸಂಪೂರ್ಣವಾಗಿ ತಳ್ಳಿಹಾಕಿದರೆ ಪ್ರತ್ಯಕ್ಷ ಸಾಕ್ಷ್ಯವನ್ನು ನಂಬದಿರಬಹುದು.

ಇದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸಾಕ್ಷಿಯ ಹೇಳಿಕೆಯು ವೈದ್ಯನ ಅಳತೆಯ ದೋಷದ ಮಿತಿಯೊಳಗೆ ಬೀಳುತ್ತದೆಯೋ ಹೊರಗೆ ಬೀಳುತ್ತದೆಯೋ ಎಂಬುದೇ ಪ್ರಶ್ನೆ. ಕಾವಲುಗಾರನು ಹೇಳಿದ ವೇಳೆ ರಾತ್ರಿ 10 ಗಂಟೆ. ವೈದ್ಯನು ನೋಡಿದಾಗ 8 ಗಂಟೆಗಳಾಗಿದ್ದುವು. ಇದು 7ರಿಂದ 10ರ ಮಿತಿಯೊಳಗಿದೆ. ಕಾವಲುಗಾರನು ಬೆಳಗಿನ 3 ಗಂಟೆಯೆಂದು ಹೇಳಿದ್ದರೆ ಅದು ಮಿತಿಯಿಂದ ಬಹು ದೂರ ಹೊರಗೆ ಬೀಳುತ್ತಿತ್ತು.

ಬೆಟ್ಟದಪುರದ ಅಸ್ಥಿಪಂಜರ

ಮಿತಿಯ ಹೊರಗೆ ಬಿದ್ದ ಸಾಕ್ಷ್ಯವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಮೊಕದ್ದಮೆ ನಿದರ್ಶನವಾಗಿದೆ. 2020ರಲ್ಲಿ ಕೊಡಗಿನ ಕುಶಾಲನಗರದ ಕಡೆಯ ಒಬ್ಬ ವಿವಾಹಿತೆಯು ಕಾಣೆಯಾದಳು. ಮೈಸೂರು ಜಿಲ್ಲೆಯ ಬೆಟ್ಟದಪುರ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ ದೊರೆತ ಒಂದು ಅಸ್ಥಿಪಂಜರವು ಆಕೆಯದೇ ಎಂದು ಗುರುತಿಸಲಾಯಿತು. ಗಂಡನ ಮೇಲೆ ಕೊಲೆಯ ಆರೋಪ ಬಂದು, ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದನು. ಇದು ಕೊಲೆಯನ್ನು ಕಂಡ ಸಾಕ್ಷಿಯ ಪ್ರಶ್ನೆಯಲ್ಲ, ಗುರುತಿನ ಪ್ರಶ್ನೆ. ಅಸ್ಥಿಯ ಡಿ.ಎನ್.ಎ. ಮಾದರಿಯನ್ನು ಕಾಣೆಯಾದವಳ ತಾಯಿಯ ಮಾದರಿಯೊಂದಿಗೆ ಹೋಲಿಸಿದಾಗ ಅವು ಹೊಂದಲಿಲ್ಲ. ಆದರೂ ಮೊಕದ್ದಮೆಯು ಮುಂದುವರಿಯಿತು. 2025ರ ಏಪ್ರಿಲ್ 1ರಂದು ಆ ಹೆಂಗಸು ಮಡಿಕೇರಿಯ ಒಂದು ಹೋಟೆಲಿನಲ್ಲಿ ಜೀವಂತವಾಗಿ ಕಾಣಿಸಿಕೊಂಡಳು! ಅದೇ ತಿಂಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯವು ಗಂಡನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು.

ಡಿ.ಎನ್.ಎ. ಪರೀಕ್ಷೆಯ ನಿರಾಕರಣೆಗೆ ಇಷ್ಟೊಂದು ಬಲವೇಕೆ? ಪ್ರತಿಯೊಂದು ಮಗುವೂ ಪ್ರತಿಯೊಂದು ಸ್ಥಾನದಲ್ಲಿಯೂ ತಾಯಿಯಿಂದ ಒಂದು ಅಂಶವನ್ನು ಪಡೆದಿರಲೇಬೇಕು. ಒಂದು ಸ್ಥಾನದಲ್ಲಿ ಹೊಂದದಿದ್ದರೆ ಅದು ಉತ್ಪರಿವರ್ತನೆಯ ಫಲವಾಗಿರಬಹುದು. ಆದರೆ ಅನೇಕ ಸ್ಥಾನಗಳಲ್ಲಿ ಹೊಂದದಿದ್ದರೆ ತಾಯಿಮಕ್ಕಳ ಸಂಬಂಧವು ಅಸಾಧ್ಯವೇ ಸರಿ. ದೇಹದ ಉಷ್ಣತೆಯು 'ಇರಬಹುದು' ಎಂದಷ್ಟೇ ಹೇಳುವ ಉಪಕರಣ, ಡಿ.ಎನ್.ಎ.ಯು 'ಇರಲಾರದು' ಎಂದು ಹೇಳಬಲ್ಲ ಉಪಕರಣ. ವೈದ್ಯಕೀಯ ಸಾಕ್ಷ್ಯವೆಂಬ ಒಂದೇ ಹೆಸರಿನ ಕೆಳಗೆ ಇಷ್ಟು ಬೇರೆಯಾದ ಬಲಗಳು ಅಡಗಿವೆ.

ಎಣಿಕೆಯೂ ತೂಕವೂ

ಒಬ್ಬನ ಮಾತು ಸಾಲದಿದ್ದರೆ ಐವರನ್ನು ಕರೆಸೋಣ ಎನ್ನಬಹುದು. ಆದರೆ ಯಾವ ಸಂಗತಿಯನ್ನು ಸಿದ್ಧಪಡಿಸುವುದಕ್ಕೂ ಇಷ್ಟೇ ಮಂದಿ ಸಾಕ್ಷಿಗಳು ಬೇಕೆಂದು ನಮ್ಮ ಕಾನೂನು ಹೇಳುವುದಿಲ್ಲ. ಸಾಕ್ಷಿಗಳನ್ನು ತೂಗಬೇಕು, ಎಣಿಸಬಾರದು. ವಿಜಯಪುರದ ಗೋಲಗುಮ್ಮಟದ ಗ್ಯಾಲರಿಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಕೇಳಿಸುತ್ತದೆ. ಅದನ್ನು ಕೇಳಿ ಅಷ್ಟು ಮಂದಿ ಚಪ್ಪಾಳೆ ತಟ್ಟಿದರೆಂದು ಯಾರೂ ಹೇಳುವುದಿಲ್ಲವಷ್ಟೆ. ಕಾವಲುಗಾರನಿಂದ ಕೇಳಿದುದನ್ನೇ ಇನ್ನು ನಾಲ್ವರು ಹೇಳಿದರೆ ಅದೂ ಒಂದೇ ಚಪ್ಪಾಳೆಯ ಪ್ರತಿಧ್ವನಿ. ಸೊನ್ನೆ ತಪ್ಪಿದ ಒಂದೇ ತಕ್ಕಡಿಯಲ್ಲಿ ನೂರು ಸಲ ತೂಗಿದರೂ ಆ ದೋಷವು ಹೋಗುವುದಿಲ್ಲ. ಅಳತೆಗಳು ಸ್ವತಂತ್ರವಾಗಿದ್ದರೆ ಮಾತ್ರ ಅವುಗಳ ಸಂಖ್ಯೆಗೆ ಬೆಲೆ. ಪೊಲೀಸರಿಂದ ಕಥೆಯನ್ನು ಕೇಳಿದ ಮೇಲೆ ಗಾಯವನ್ನು ನೋಡುವ ವೈದ್ಯನ ಅಳತೆಗೂ ಇದೇ ಮಾತು ಸಲ್ಲುತ್ತದೆ.

ಸ್ವಾತಂತ್ರ್ಯವನ್ನು ಮರೆತ ಗಣಿತದಿಂದ ಆದ ಅನಾಹುತವೂ ಉಂಟು. 1999ರಲ್ಲಿ ಇಂಗ್ಲೆಂಡಿನಲ್ಲಿ, ಎರಡು ಹಸುಗೂಸುಗಳನ್ನು ಕಳೆದುಕೊಂಡ ತಾಯಿಯೊಬ್ಬಳ ಮೇಲೆ ಅವುಗಳನ್ನು ಕೊಂದ ಆರೋಪದ ವಿಚಾರಣೆ ನಡೆಯಿತು. ಅಂಥ ಮನೆಯಲ್ಲಿ ಶಿಶುವು ತೊಟ್ಟಿಲಿನಲ್ಲಿ ಅಕಸ್ಮಾತ್ತಾಗಿ ಸಾಯುವ ಸಂಭವ 8,543ರಲ್ಲಿ ಒಂದು, ಆದುದರಿಂದ ಎರಡು ಶಿಶುಗಳೂ ಹಾಗೆ ಸಾಯುವ ಸಂಭವ ಸುಮಾರು 7.3 ಕೋಟಿಯಲ್ಲಿ ಒಂದು ಎಂದು ಹೆಸರಾಂತ ಶಿಶುವೈದ್ಯರೊಬ್ಬರು ನುಡಿದರು. 8,543ನ್ನು ಅದರಿಂದಲೇ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಆದರೆ ಒಂದೇ ತಾಯಿತಂದೆಯರ, ಒಂದೇ ಮನೆಯ ಎರಡು ಮಕ್ಕಳ ಸಾವುಗಳು ಎರಡು ನಾಣ್ಯಗಳ ಚಿಮ್ಮುವಿಕೆಯಂತೆ ಸ್ವತಂತ್ರವಲ್ಲ. 2001ರಲ್ಲಿ ಅಲ್ಲಿಯ ರಾಯಲ್ ಸಂಖ್ಯಾಶಾಸ್ತ್ರ ಸಂಸ್ಥೆಯು ಈ ಲೆಕ್ಕವನ್ನು ಬಹಿರಂಗವಾಗಿ ಖಂಡಿಸಿತು. ಮರೆಯಾಗಿದ್ದ ಪ್ರಯೋಗಶಾಲೆಯ ವರದಿಯೊಂದು ಹೊರಬಂದ ಮೇಲೆ 2003ರಲ್ಲಿ ತಾಯಿಯ ಶಿಕ್ಷೆಯು ರದ್ದಾಯಿತು. ಪರಿಣತನು ತನ್ನ ಶಾಸ್ತ್ರದ ಎಲ್ಲೆಯನ್ನು ದಾಟಿದರೆ ಅವನ ಮಾತಿಗೂ ಗಾಳಿಮಾತಿಗೂ ಬಹಳ ಅಂತರವಿರುವುದಿಲ್ಲ.

ತೀರ್ಮಾನ

ನಮ್ಮ ಕಲ್ಪಿತ ಪ್ರಸಂಗದಲ್ಲಿ ಈಗ ಸಿದ್ಧವಾದುದೇನು? ವೇಳೆಯ ವಿಷಯದಲ್ಲಿ ಎರಡು ಸಾಕ್ಷ್ಯಗಳೂ ಹೊಂದುತ್ತವೆ. ತಲೆಗೆ ಎರಡು ಪೆಟ್ಟು ಬಿದ್ದುವೆಂಬುದೂ ಹೊಂದುತ್ತದೆ. ಆಯುಧದ ವಿಷಯವು ಸಂದಿಗ್ಧ. 60 ಮೀಟರಿನಿಂದ ಬೆಳದಿಂಗಳಿನಲ್ಲಿ ಕೊಡಲಿಯ ಯಾವ ಭಾಗವು ತಗಲಿತೆಂದು ಕಾವಲುಗಾರನು ಕಂಡಿರಲಾರನು, ಆದುದರಿಂದ ಅವನು ನಿಜವಾಗಿ ಕಂಡುದೇನೆಂದು ಅವನನ್ನೇ ಕೇಳಬೇಕು. ಕೊಂದವನು ಯಾರು ಎಂಬುದರ ಬಗೆಗೆ ಗಾಯವು ಏನನ್ನೂ ಹೇಳುವುದಿಲ್ಲ.

ಸಾಕ್ಷ್ಯವನ್ನು ತೂಗುವವರು ಅನೇಕ ವೇಳೆ ಮರೆಯುವುದು ಈ ಕೊನೆಯ ಸಂಗತಿಯನ್ನೇ. ಸಾಕ್ಷಿಯು ಹೇಳಿದ ವೇಳೆ ಸರಿ, ಪೆಟ್ಟುಗಳ ಸಂಖ್ಯೆ ಸರಿ, ಆದುದರಿಂದ ಅವನು ಹೇಳಿದ ಹೆಸರೂ ಸರಿ ಎಂದು ಮನಸ್ಸು ಜಾರಿಬಿಡುತ್ತದೆ. ಉಷ್ಣತಾಮಾಪಕವು ವೇಳೆಗೆ ಸಾಕ್ಷಿಯಾಗಬಲ್ಲುದು, ಹೆಸರಿಗೆ ಸಾಕ್ಷಿಯಾಗಲಾರದು. ಹೆಸರಿನ ಮಾತು ಇನ್ನೂ 60 ಮೀಟರು ದೂರದ ಒಂದು ಬೆಳ್ಳನೆಯ ಕಲೆಯ ಮೇಲೆಯೇ ನಿಂತಿದೆ. ಅದರ ಮೇಲೆ ಒಬ್ಬನನ್ನು ಸೆರೆಮನೆಗೆ ಕಳುಹಿಸುವ ಮೊದಲು ಬೇರೆ ಸ್ವತಂತ್ರ ಪ್ರಮಾಣವನ್ನು ಹುಡುಕಲೇಬೇಕು.

ವಾಚಕರಲ್ಲಿ ಕೆಲವರು ಮುಂದೆ ವೈದ್ಯರೋ ವಕೀಲರೋ ಪೊಲೀಸ್ ಅಧಿಕಾರಿಗಳೋ ಆಗಬಹುದು. ಯಾರು ಬೇಕಾದರೂ ಒಂದು ದಿನ ಸಾಕ್ಷಿಕಟ್ಟೆಯನ್ನು ಏರಬೇಕಾಗಬಹುದು. ಆಗ ಕಂಡುದೆಷ್ಟು, ಊಹಿಸಿದುದೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವ ಅಭ್ಯಾಸವು ಈಗಿನಿಂದಲೇ ಬೇಕು.

ಅಭ್ಯಾಸಕ್ಕೆ

1. ಮುಂದಿನ ಹುಣ್ಣಿಮೆಯ ರಾತ್ರಿ, ಬೀದಿದೀಪವಿಲ್ಲದ ಬಯಲಿನಲ್ಲಿ ಅರ್ಧ ಗಂಟೆ ಕುಳಿತು, ಐವರು ಗೆಳೆಯರನ್ನು ಒಬ್ಬೊಬ್ಬರಾಗಿ ಮೌನವಾಗಿ ನಿಮ್ಮ ಕಡೆಗೆ ನಡೆದು ಬರುವಂತೆ ಹೇಳಿರಿ. ಪ್ರತಿಯೊಬ್ಬರನ್ನೂ ಮುಖದಿಂದ ಗುರುತಿಸಿದ ದೂರವನ್ನು ಅಳೆದು ಬರೆದುಕೊಳ್ಳಿರಿ. ನಡಿಗೆಯಿಂದ ಗುರುತಿಸಿದ್ದರೆ ಅದನ್ನು ಬೇರೆಯಾಗಿ ಬರೆಯಿರಿ. ತಪ್ಪಾಗಿ ಗುರುತಿಸಿದುದನ್ನೂ ಬಿಡದೆ ಬರೆಯಿರಿ.

2. ಒಂದು ಲೋಟ ಬಿಸಿನೀರಿನ ಉಷ್ಣತೆಯನ್ನು ಹತ್ತು ಹತ್ತು ನಿಮಿಷಗಳಿಗೊಮ್ಮೆ ಒಂದು ಗಂಟೆಯ ಕಾಲ ಗುರುತು ಹಾಕಿಕೊಳ್ಳಿರಿ. ಲೋಟಕ್ಕೆ ಬಟ್ಟೆ ಸುತ್ತಿ ಪ್ರಯೋಗವನ್ನು ಮತ್ತೆ ಮಾಡಿರಿ. ಮೊದಲನೆಯ ಪಟ್ಟಿಯನ್ನು ಮಾತ್ರ ಬಲ್ಲ ಒಬ್ಬನು, ಎರಡನೆಯ ಲೋಟವನ್ನು ಒಮ್ಮೆ ನೋಡಿ ನೀರನ್ನು ಯಾವಾಗ ತುಂಬಿದರೆಂದು ಹೇಳಹೊರಟರೆ ಎಷ್ಟು ತಪ್ಪುವನು?